ಹತ್ತೊಂಬತ್ತು ಕೊಡೆ, ಹತ್ತು ಪ್ರಶ್ನೆ

ಟ್ರೈನಿಂಗ್ ಕಾಲೇಜಿನವರು ಕೊಟ್ಟ ಫಾರಂನ ಕಟ್ಟಕಡೆಯಲ್ಲಿ ಒಂದು ಕಾಲಂ ಇದೆ: 'ಈ ಹೊರಾಂಗಣ ಕಲಿಕೆಯ ಅನುಭವದಿಂದ ತಾವು ಕಲಿತದ್ದೇನು?' ಅದರ ಕೆಳಗೆ ನಾಲ್ಕು ಗೆರೆ. ನಮ್ಮ ಹಾಸ್ಟೆಲಿನಲ್ಲಿ ಇದಕ್ಕೊಂದು ಸಿದ್ಧ ಉತ್ತರ ತಲೆತಲಾಂತರದಿಂದ ಬಂದಿದೆ. 'ಮಕ್ಕಳು ನಿಸರ್ಗದ ಮಡಿಲಲ್ಲಿ ಸಂತಸದಿಂದ ಕಲಿತರು, ನಾನೂ ಮಕ್ಕಳೊಂದಿಗೆ ಮಗುವಾದೆ.' ಸೀನಿಯರ್‌ಗಳು ಇದನ್ನೇ ಬರೆದರು, ಅವರ ಸೀನಿಯರ್‌ಗಳೂ ಇದನ್ನೇ ಬರೆದರು. ಯಾರೂ ಓದುವುದಿಲ್ಲ, ಯಾರೂ ಮಗುವಾಗುವುದೂ ಇಲ್ಲ. ನಾನೂ ಅದನ್ನೇ ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಊರಿನಲ್ಲಿ ಆದದ್ದನ್ನು ನೆನೆದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಮೊದಲು ನಿಮಗೆ ಹೇಳಿಬಿಡುತ್ತೇನೆ, ಆಮೇಲೆ ಫಾರಂ ನೋಡಿಕೊಂಡರಾಯಿತು.

ನನ್ನ ಹೆಸರು ಪುಟ್ಟಲಕ್ಷ್ಮಿ, ಎತ್ತರ ಐದಡಿ ಒಂಬತ್ತಿಂಚು. ಹೆಸರಿಟ್ಟ ಅಜ್ಜಿ ಈಗಿಲ್ಲ, ಇದ್ದಿದ್ದರೆ ಜಗಳವಾಡುತ್ತಿದ್ದೆ. ಹೊರಾಂಗಣ ಪಾಠದಲ್ಲಿ ನಾನು ಆಗಲೇ ಒಂದು ಸಲ ಫೇಲಾಗಿದ್ದೆ. ಅದು ಬೇರೆ ಊರು, ಬೇರೆ ಶಾಲೆ. ಹುಣಸೆಮರದ ಕೆಳಗೆ ಪಾಠ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಐಸ್‌ಕ್ಯಾಂಡಿಯವನ ಗಂಟೆ ಕೇಳಿತು. ಮೂವತ್ತೊಂದು ಮಕ್ಕಳೂ ಎದ್ದು ಓಡಿದವು. ಅವರನ್ನು ಹಿಡಿದು ತರಲು ನಾನೂ ಓಡಿದೆ. ಹಿಡಿದು ತರುವಾಗ ನನ್ನ ಕೈಯಲ್ಲೂ ಒಂದು ಕ್ಯಾಂಡಿ ಇತ್ತು, ಅದೇ ತಪ್ಪಾಗಿದ್ದು. ಎರಡನೇ ಸಲ ಫೇಲಾದವರ ಹೆಸರನ್ನು ಕಾಲೇಜಿನ ರಿಜಿಸ್ಟರಿನಿಂದ ಹೊಡೆದುಹಾಕುತ್ತಾರೆ. ಊರಲ್ಲಿ ಅಪ್ಪ ಹಿಟ್ಟಿನ ಗಿರಣಿಯಲ್ಲಿ ನನಗಾಗಿ ಒಂದು ಸ್ಟೂಲ್ ಹಾಕಿಟ್ಟು ಕಾಯುತ್ತಿದ್ದ. ಗಿರಣಿ ಕೆಟ್ಟದ್ದೇನಲ್ಲ, ರಾಗಿ ಯಾವತ್ತೂ ಎದ್ದು ಓಡಿಹೋಗುವುದಿಲ್ಲ. ಆದರೆ ನನಗೆ ಟೀಚರ್ ಆಗಬೇಕಿತ್ತು. ಯಾಕೆ ಎಂದರೆ ಹೇಳಲು ಬರುವುದಿಲ್ಲ, ಆಗಲೇಬೇಕಿತ್ತು ಅಷ್ಟೇ.

ಎರಡನೇ ಸಲಕ್ಕೆ ನನ್ನನ್ನು ಹಾಕಿದ್ದು ಆ ಊರಿಗೆ. ಬಸ್ಸಿಳಿದಾಗ ಬೆಳಗಿನ ಹತ್ತು ಗಂಟೆ. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ, ಆದರೂ ಎಲ್ಲರ ಕೈಯಲ್ಲೂ ಕೊಡೆ. ಒಬ್ಬ ಮನುಷ್ಯ ನನ್ನನ್ನೇ ಹಿಂದಿನಿಂದ ನೋಡುತ್ತಿದ್ದ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. "ಏನ್ರೀ, ಯಾಕ್ರೀ ಹಂಗ್ ನೋಡ್ತಿದೀರಾ?" ಎಂದು ರೇಗಿದೆ. ಅವನು ಗಾಬರಿಯಿಂದ ಕೊಡೆ ಬಿಚ್ಚಲು ಹೋದ. ಅದು ಬಿಚ್ಚುವಷ್ಟರಲ್ಲಿ ಪಕ್ಕದ ಸಿಮೆಂಟ್ ಬೆಂಚು ಹೇಳಿತು: "ನಿನ್ನ ಹಿಂದೆ ಬಾಳೆಹಣ್ಣು ಮೆತ್ಕೊಂಡಿದೆ." ಗಂಡಿನ ದನಿಯೂ ಅಲ್ಲ, ಹೆಣ್ಣಿನ ದನಿಯೂ ಅಲ್ಲ, ಟಿಕೆಟ್ ಕೌಂಟರಿನಲ್ಲಿ ಬೇಸತ್ತು ಕೂತವರ ದನಿ. ತಿರುಗಿ ನೋಡಿಕೊಂಡೆ. ನಿಜವಾಗಿಯೂ ಮೆತ್ತಿಕೊಂಡಿತ್ತು.

ನನಗೆ ಇರಲು ಜಾಗ ಕೊಟ್ಟವಳು ಶಾಲೆಯಲ್ಲಿ ಬಿಸಿಯೂಟ ಮಾಡುವ ಜವರಮ್ಮ. ಬಾಳೆಹಣ್ಣಿನ ಕಥೆ ಕೇಳಿ ಅವಳು ಸೌಟು ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು ಹೇಳಿದಳು: "ನೋಡವ್ವ, ಈ ಊರಲ್ಲಿ ಹೊರಗಡೆ ಬಾಯ್ ಬಿಡೋಕ್ ಮುಂಚೆ ಕೊಡೆ ಬಿಚ್ಚಬೇಕು. ಆಕಾಶದ ಕೆಳಗೆ ನಿಂತ್ಕಂಡು ಏನ್ ಕೇಳಿದ್ರೂ ಹತ್ತಿರ ಏನಿರುತ್ತೋ ಅದು ಉತ್ತರ ಹೇಳಿಬಿಡುತ್ತೆ. ಕಲ್ಲಾಗಲಿ, ಗೋಡೆಯಾಗಲಿ, ಬಕೀಟಾಗಲಿ. ಅದೂ ಬರೀ ನಿಜ. ಸುಳ್ಳು ಹೇಳಿದ್ರೆ ಹೆಂಗೋ ಬಾಳಬೋದಿತ್ತು."

"ಸುತ್ತಿ ಬಳಸಿ ಕೇಳಿದರೆ?" ಎಂದೆ.

"ಅವೇನು ದಡ್ಡವಾ? ಒಂದ್ ಉಸಿರು ಬಿಡೋವಷ್ಟು ಹೊತ್ತು ಸುಮ್ಕಿರ್ತವೆ, ಆಮೇಲೆ ಹೇಳೇ ಹೇಳ್ತವೆ. ಸೂರಿನ ಕೆಳಗೋ ಕೊಡೆ ಕೆಳಗೋ ಕೇಳಿದ್ರೆ ಮಾತ್ರ ಅವುಕ್ಕೆ ಕಿವಿ ಕೇಳಿಸಲ್ಲ. ಮರದ ನೆರಳು ಲೆಕ್ಕಕ್ಕಿಲ್ಲ. ಮರಾನೇ ಮೊದ್ಲು ಬಾಯಿ ಹಾಕೋದು. ಅದಿರಲಿ, ಬಯ್ಯೋವಾಗ ಇನ್ನೂ ಹುಷಾರು."

ಬಯ್ಯುವಾಗ ಯಾಕೆ ಎಂದು ನನಗೆ ತಿಳಿದದ್ದು ಮಾರನೆಯ ದಿನ. ನಾವು ಬಯ್ಯುವುದೆಲ್ಲ ಪ್ರಶ್ನೆಯಲ್ಲೇ ಅಲ್ಲವೇ? ಕಣ್ಣು ಕಾಣಲ್ವಾ, ತಲೆ ಕೆಟ್ಟಿದೆಯಾ, ನಿಮ್ಮಪ್ಪ ನಿಂಗೆ ಇದೇನಾ ಕಲಿಸಿದ್ದು. ಇಂಥ ಮಾತು ಹೊರಗೆ ಆಡಿದರೆ ಆ ಊರಿನಲ್ಲಿ ಮುಗಿದೇಹೋಯಿತು, ಕಣ್ಣಿನ ಪವರ್ ಎಷ್ಟು, ಅಪ್ಪ ಏನೇನು ಕಲಿಸಿದ್ದ, ಎಲ್ಲವೂ ಬೀದಿಗೆ ಬರುತ್ತದೆ. ಹಾಗಾಗಿ ಅಲ್ಲಿ ಜಗಳವಾಡಲು ಸೂರು ಬೇಕು. ಎದುರುಬದುರು ಮನೆಯವರು ಜಗಳ ಜೋರಾದಾಗ 'ಬಾ ಒಳಗೆ' ಎಂದು ಮರ್ಯಾದೆಯಿಂದ ಕರೆದು ಒಳಗೆ ಹೋಗಿ ಕೂಗಾಡುತ್ತಾರೆ. ಸಂತೆಯ ಉದ್ದಕ್ಕೂ ತಗಡು ಹಾಕಿಸಿದ್ದಾರೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವರನ್ನು ಗೇಟಿನಿಂದಲೇ ಕೊಡೆ ಹಿಡಿದು ಒಳಗೆ ಕರೆದೊಯ್ಯುತ್ತಾರೆ. ಆ ಊರಿನ ಗಂಡಸರು ಭಯಪಡುವ ಒಂದೇ ಮಾತೆಂದರೆ ಹೆಂಡತಿ ಮೆಲ್ಲಗೆ ಹೇಳುವ 'ಸ್ವಲ್ಪ ಅಂಗಳಕ್ಕೆ ಬನ್ನಿ' ಎಂಬುದು.

ಇನ್ನೊಂದು ಪದ್ಧತಿಯನ್ನೂ ನಾನು ಕಂಡೆ. ಕಾಯಿಪಲ್ಯ ಕೊಂಡು ತಗಡಿನಿಂದ ಹೊರಗೆ ಬಂದಿದ್ದ ಹೆಂಗಸೊಬ್ಬಳಿಗೆ ಗಂಡನ ಮೇಲೆ ಏನು ಸಿಟ್ಟು ಬಂದಿತ್ತೋ, ನಟ್ಟನಡು ಬೀದಿಯಲ್ಲಿ "ನಿಮಗೆ ನಾನು ಬೇಕೋ ಬೇಡ್ವೋ?" ಎಂದು ಕಿರುಚಿಬಿಟ್ಟಳು. ಬೀದಿಗೆ ಬೀದಿಯೇ ನಿಂತಿತು. ಅವಳ ಕಾಲ ಬಳಿ ಒಂದು ಕುಂಬಳಕಾಯಿ ಇತ್ತು, ಅದು ಬಾಯಿ ತೆರೆಯುವ ಮೊದಲೇ ದಾರಿಯಲ್ಲಿ ಹೋಗುತ್ತಿದ್ದ ಮೂವರು ಅಪರಿಚಿತರು ಓಡಿಬಂದು ಅವಳ ತಲೆಯ ಮೇಲೆ ಪಟಪಟನೆ ಕೊಡೆ ಬಿಚ್ಚಿದರು. ಕುಂಬಳಕಾಯಿ ಸುಮ್ಮನಾಯಿತು. ಅವಳು ಕೊಡೆಗಳ ಕೆಳಗೆ ಸ್ವಲ್ಪ ಹೊತ್ತು ಅತ್ತಳು, ಗಂಡ ಚೀಲ ಎತ್ತಿಕೊಂಡ, ಇಬ್ಬರೂ ಮನೆಗೆ ಹೋದರು. ಕೊಡೆ ಹಿಡಿದವರು ತಮ್ಮ ಪಾಡಿಗೆ ತಾವು ಹೋದರು. ನನಗೋ ಭಾರಿ ನಿರಾಸೆ. ಇಂಥ ಒಳ್ಳೆ ಪ್ರಶ್ನೆಗೆ ಉತ್ತರ ಸಿಗದಂತೆ ಮಾಡಿದರಲ್ಲ ಎಂದು ಜವರಮ್ಮನಿಗೆ ಹೇಳಿದೆ. "ಉತ್ತರ ತಗಂಡು ಅವಳು ಅಡಿಗೆ ಮಾಡಬೇಕಿತ್ತಾ? ಸುಮ್ಕೆ ಉಣ್ಣು" ಎಂದಳು.

ಶಾಲೆಯ ಹೆಡ್‌ಮಾಸ್ಟರು ಕರಿಬಸಪ್ಪನವರು. ನನ್ನ ಪಾಠ ಯೋಜನೆ ನೋಡಿ ಅವರ ಮುಖ ಇಳಿದುಹೋಯಿತು. "ನಮ್ಮಲ್ಲಿ ಹೊರಾಂಗಣ ಪಾಠ ಅಂದ್ರೆ ವರಾಂಡದಲ್ಲಿ ಮಾಡೋದಮ್ಮ" ಎಂದರು. ಅವರ ಕಷ್ಟ ನನಗೆ ಆಮೇಲೆ ಗೊತ್ತಾಯಿತು. ಹಿಂದೊಮ್ಮೆ ಹೊಸ ಅಧಿಕಾರಿಯೊಬ್ಬರು ಧ್ವಜಾರೋಹಣದ ದಿನ ಅಂಗಳದಲ್ಲಿ ಕುಶಾಲಿಗೆ "ಏನ್ ಮಾಸ್ಟ್ರೇ, ವಯಸ್ಸೆಷ್ಟು ನಿಮಗೆ?" ಎಂದಿದ್ದರಂತೆ. ಧ್ವಜಕಂಬ ಅರವತ್ತಮೂರು ಎಂದುಬಿಟ್ಟಿತ್ತು. ದಾಖಲೆಯಲ್ಲಿ ಐವತ್ತೈದು ಇತ್ತು. ಅವತ್ತಿನಿಂದ ಅವರು ಅಂಗಳ ದಾಟುವಾಗ ತಮ್ಮ ಕೊಡೆಯ ಜೊತೆಗೆ ಎದುರಿಗೆ ಬರುವವರಿಗೂ ಒಂದು ಕೊಡೆ ಹಿಡಿದುಕೊಂಡು ಹೋಗುತ್ತಾರೆ.

ಆದರೆ ಕಾಲೇಜಿನ ನಿಯಮ ವರಾಂಡ ಒಪ್ಪುವುದಿಲ್ಲ. ಸೂರು ಇರಕೂಡದು. ಪಾಠದಲ್ಲಿ ಕಡ್ಡಾಯವಾಗಿ ಹತ್ತು ಪ್ರಶ್ನೆ ಇರಬೇಕು, ಪ್ರತಿ ಪ್ರಶ್ನೆಯ ಮುಂದೆ 'ಮಕ್ಕಳಿಂದ ಬಂದ ಉತ್ತರ' ಎಂಬ ಖಾನೆ. ಅದರಲ್ಲಿ ಕಡೇಪಕ್ಷ ಒಂದಾದರೂ ತುಂಬಬೇಕು, ಹತ್ತೂ ಖಾಲಿಯಿದ್ದರೆ ಫೇಲು. ಒಂದೇ ಒಂದು! ಬೇರೆ ಊರಿನಲ್ಲಾದರೆ ಕಣ್ಣು ಮುಚ್ಚಿಕೊಂಡು ತುಂಬಿಸಬಹುದು.

ಒಂದನೇ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು, ಹತ್ತೊಂಬತ್ತು ಪುಟಾಣಿ ಕೊಡೆ. ಪರೀಕ್ಷೆಗೆ ಮೂರು ದಿನ ಮುಂಚೆ ಅಭ್ಯಾಸಕ್ಕೆಂದು ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಅಂಗಳದ ನಡುವೆ ಒಂದು ಗುಂಡುಕಲ್ಲು, ಅದರ ಪಕ್ಕ ಒಂದು ದೊಡ್ಡ ಮರ, ಸುತ್ತ ಮೊಣಕಾಲೆತ್ತರ ಗಿಡಗಂಟಿ. ಕೊಡೆ ಬಿಚ್ಚದೆ ಒಂದು ಸಲ ನೋಡಿಯೇಬಿಡೋಣ ಎಂದು ನನಗೆ ಹಟ. ಮರದಿಂದ ಎಲೆ ಕಿತ್ತು ಎತ್ತಿ ಹಿಡಿದು, ಕಾಲೇಜಿನಲ್ಲಿ ಕಲಿಸಿದ ರಾಗದಲ್ಲಿ ಕೇಳಿದೆ: "ಮಕ್ಕಳೇ, ಇದು ಯಾವ ಎಲೆ?"

ಮಾದೇಶ ಎಂಬ ಹುಡುಗ ಉತ್ತರ ಹೇಳಲು ಎದ್ದ. ಆ ಶಾಲೆಯ ಮಕ್ಕಳಿಗೆ ಎದ್ದು ನಿಂತು, ಚಡ್ಡಿ ಸರಿಮಾಡಿಕೊಂಡು, ಕೈಕಟ್ಟಿ, ಆಮೇಲೆ ಬಾಯಿ ತೆರೆಯುವ ಶಿಸ್ತು. ಅವನು ಚಡ್ಡಿಯವರೆಗೆ ಬಂದಿದ್ದ. ಅಷ್ಟರಲ್ಲಿ ಗುಂಡುಕಲ್ಲು "ಹೆಬ್ಬೇವು" ಎಂದಿತು.

ನನ್ನ ಚಾರ್ಟಿನಲ್ಲಿ ನಾನು ದೊಡ್ಡಕ್ಷರದಲ್ಲಿ ಬೇವು ಎಂದು ಬರೆದಿದ್ದೆ. ಬಣ್ಣ ಬೇರೆ ಹಚ್ಚಿದ್ದೆ.

ಮುಂದಿನ ಸಾಲಿನಲ್ಲಿ ಚೆಲುವಿ ಎಂಬ ಹುಡುಗಿ ಕೂತಿದ್ದಳು. ಆರು ವರ್ಷ, ಎರಡು ಹಲ್ಲಿಲ್ಲ, ಮಾತಿಗೆ ಮಾತ್ರ ಏನೂ ಕೊರತೆಯಿಲ್ಲ. "ಮಿಸ್, ಕಲ್ಲಿಗೇ ಗೊತ್ತಲ್ಲ, ಮತ್ತೆ ನಮ್ಮನ್ನ್ಯಾಕೆ ಕೇಳ್ತೀರಾ?" ಎಂದಳು. ಹೊರಗೆ ಕೊಡೆಯಿಲ್ಲದೆ ಕೇಳಬಾರದು ಎಂದು ಅವಳಿಗೆ ತಕ್ಷಣ ನೆನಪಾಗಿ ಬಾಯಿ ಮುಚ್ಚಿಕೊಂಡಳು, ಆದರೆ ಕಲ್ಲು ಬಿಡಬೇಕಲ್ಲ. "ಅವಳಿಗೆ ಗೊತ್ತಿಲ್ಲ. ಅದಕ್ಕೇ ಕೇಳ್ತಿದಾಳೆ" ಎಂದಿತು.

ಹತ್ತೊಂಬತ್ತು ಮಕ್ಕಳು ನನ್ನನ್ನೇ ನೋಡಿದವು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆ ಊರಿನಲ್ಲಿ ಭೂಮಿ ಬಾಯಿ ಬಿಟ್ಟರೆ ಇನ್ನೇನು ಹೇಳುತ್ತದೋ ಎಂದು ಆ ಆಸೆಯನ್ನೂ ಕೈಬಿಟ್ಟೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು, ಎರಡು ಬಿಟ್ಟು ಸುಮ್ಮನಾಗುತ್ತಿದ್ದೆ. ಚೆಲುವಿ ಎದ್ದು ಬಂದು ತನ್ನ ಕೊಡೆ ಬಿಚ್ಚಿ, ನನ್ನ ಸೊಂಟದವರೆಗೆ ಬರುವಂತೆ ಹಿಡಿದು, "ಇವಾಗ್ ಕೇಳಿ ಮಿಸ್" ಎಂದಳು. ನಾನು ಬಗ್ಗಿ ಅದರೊಳಗೆ ತಲೆ ತೂರಿಸಿ ಕೇಳಿದೆ. ಕಲ್ಲು ತೆಪ್ಪಗಿತ್ತು. ಮಾದೇಶ ಚಡ್ಡಿ ಮುಗಿಸಿ, ಕೈ ಕಟ್ಟಿ, ನಿಧಾನವಾಗಿ "ಹೆಬ್ಬೇವು ಮಿಸ್" ಎಂದ. ಈಗ ತಾನೇ ಕೇಳಿಸಿಕೊಂಡದ್ದು, ನಿಜ. ಆದರೂ ಮಗುವಿನಿಂದ ಬಂದ ಉತ್ತರ.

ಆ ರಾತ್ರಿ ಬೇವು ಎಂಬುದನ್ನು ಚಾರ್ಟಿನಲ್ಲಿ ತಿದ್ದುತ್ತಾ ನಾನು ದಾರಿ ಕಂಡುಕೊಂಡೆ ಎಂದೇ ಖುಷಿಪಟ್ಟೆ. ಕೊಡೆಯ ಕೆಳಗೆ ಪಾಠ. ಸೂರಿಲ್ಲ, ಅಂಗಳವೇ ಆಯಿತು. ಮುಂದಿನ ಎರಡು ದಿನ ಮಕ್ಕಳಿಗೆ ವೃತ್ತವಾಗಿ ನಿಂತು ಕೊಡೆ ಹಿಡಿಯುವುದನ್ನು ಕಲಿಸಿದೆ. ಕತ್ತಿವರಸೆ, ಕಣ್ಣಿಗೆ ಚುಚ್ಚುವುದು, ಕೊಡೆ ತಿರುಗಿಸಿ ಬುಗುರಿ ಮಾಡುವುದು ಎಲ್ಲ ನಡೆದು, ಕೊನೆಗೆ ಹತ್ತಕ್ಕೆ ಏಳು ಪ್ರಶ್ನೆಗೆ ಮಕ್ಕಳೇ ಉತ್ತರ ಹೇಳುವ ಮಟ್ಟಕ್ಕೆ ಬಂದೆವು. ನನ್ನ ಗಂಟಲು ಮಾತ್ರ ಹೋಗಿತ್ತು.

ಪರೀಕ್ಷೆಯ ದಿನ ವೀಕ್ಷಕರಾಗಿ ಬಂದವರು ನಮ್ಮ ಕಾಲೇಜಿನ ಚಿದಂಬರಯ್ಯನವರು. ನನ್ನನ್ನು ಕ್ಯಾಂಡಿಯ ಸಮೇತ ಹಿಡಿದವರೂ ಅವರೇ. ಸ್ಕೂಟರ್ ಇಳಿದು, ಬರಿತಲೆಯಲ್ಲಿ ಅಂಗಳದ ನಡುವೆ ನಿಂತು, ಓಡೋಡಿ ಬರುತ್ತಿದ್ದ ಹೆಡ್‌ಮಾಸ್ಟರಿಗೆ ಕೈಮುಗಿದು "ಹೇಗಿದೀರಿ ಸಾರ್?" ಎಂದರು. ಹೆಡ್‌ಮಾಸ್ಟರು ಎರಡು ಕೊಡೆಗಳನ್ನೂ ಒಟ್ಟಿಗೆ ಬಿಚ್ಚಲು ಹೋಗಿ ಒಂದಕ್ಕೊಂದು ಸಿಕ್ಕಿಹಾಕಿಸಿದರು.

"ಮೂಲವ್ಯಾಧಿ ಜೋರಾಗಿದೆ" ಎಂದಿತು ಧ್ವಜಕಂಬ.

ಚಿದಂಬರಯ್ಯನವರು ಸುತ್ತ ನೋಡಿದರು. "ಯಾರದು?" ಎಂದರು. "ಕಂಬ" ಎಂದಿತು ಕಂಬ. ಮಕ್ಕಳ ಚೇಷ್ಟೆ ಎಂದುಕೊಂಡು ಅವರು ಪುಸ್ತಕ ತೆಗೆದು ಏನೋ ಬರೆದುಕೊಂಡರು. ನೋಡಿ, ಕಂಬ ಮಾತಾಡುವುದಕ್ಕೆ ಫಾರಂನಲ್ಲಿ ಖಾನೆ ಇಲ್ಲ, ಹಾಗಾಗಿ ಅವರ ಮಟ್ಟಿಗೆ ಕಂಬ ಮಾತಾಡಲೇ ಇಲ್ಲ.

ಗುಂಡುಕಲ್ಲಿನ ಹತ್ತಿರ ಅವರಿಗೊಂದು ಮರದ ಕುರ್ಚಿ ಹಾಕಿಸಿದ್ದೆವು. ನನ್ನ ಹತ್ತೊಂಬತ್ತು ಮಕ್ಕಳು ಠಾಕುಠೀಕಾಗಿ ವೃತ್ತವಾಗಿ ನಿಂತು ಒಟ್ಟಿಗೆ ಕೊಡೆ ಬಿಚ್ಚಿದವು. ಒಂದೂ ಕಣ್ಣಿಗೆ ಚುಚ್ಚಲಿಲ್ಲ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು.

"ಮುಚ್ಚಿಸಮ್ಮ ಅವನ್ನ" ಎಂದರು ಚಿದಂಬರಯ್ಯನವರು.

"ಸಾರ್, ಈ ಊರಲ್ಲಿ ಹೊರಗಡೆ..."

"ಮುಕ್ತ ಆಕಾಶದ ಕೆಳಗೆ ಅಂತ ನಿಯಮದಲ್ಲಿ ಬರೆದಿದೆ. ಕೊಡೆ ಆಕಾಶ ಅಲ್ಲ. ಮುಚ್ಚಿಸು, ಇಲ್ಲಾಂದ್ರೆ ನಾನು ಈಗಲೇ ಸ್ಕೂಟರ್ ಹತ್ತುತೀನಿ."

ಮುಚ್ಚಿಸಿದೆ. ಮತ್ತೇನು ಮಾಡಲಿ? ಮಕ್ಕಳು ಮುಚ್ಚಿದ ಕೊಡೆಗಳನ್ನು ತೊಡೆಯ ಮೇಲಿಟ್ಟುಕೊಂಡು ಗುಂಡುಕಲ್ಲಿನ ಸುತ್ತ ಕೂತವು. ನಾನು ಮೊದಲನೇ ಪ್ರಶ್ನೆ ಕೇಳಿದೆ: ಈ ಕಲ್ಲಿನ ಬಣ್ಣ ಯಾವುದು? ಮಾದೇಶ ಎದ್ದ. "ಬೂದು. ಮೇಲ್ಗಡೆ ಕಾಗೆ ಹಿಕ್ಕೆ" ಎಂದಿತು ಕಲ್ಲು. ಎರಡನೇ ಪ್ರಶ್ನೆ: ಮರದ ಬೇರು ಎಲ್ಲಿರುತ್ತದೆ? "ಈಗ ನಿನ್ನ ಚಪ್ಪಲಿ ಕೆಳಗೆ" ಎಂದಿತು ಮರ. ಮೂರನೆಯದನ್ನು ಮಕ್ಕಳಿಗೆ ಮೊದಲೇ ಕಣ್ಸನ್ನೆ ಮಾಡಿ ಎದ್ದು ನಿಲ್ಲಿಸಿ ಕೇಳಿದೆ, ಆದರೂ ಕಲ್ಲಿನ ಬಾಯಿ ಚುರುಕು. ನಾಲ್ಕನೆಯದನ್ನು ಪಿಸುಗುಟ್ಟಿದೆ. ಕಲ್ಲು ಕೂಡ ಪಿಸುಗುಟ್ಟಿತು. ಐದು, ಆರು, ಏಳು ಎಲ್ಲ ಹೋದವು. ಎಂಟನೆಯ ಪ್ರಶ್ನೆಗೆ ಉತ್ತರವಾಗಿ ಕಲ್ಲು ಮಳೆ ಹೇಗೆ ಬರುತ್ತದೆ ಎಂದು ಎಷ್ಟು ಚೆನ್ನಾಗಿ ವಿವರಿಸಿತೆಂದರೆ ನಾನೂ ಮೈಮರೆತು ಕೇಳಿದೆ. ನಮ್ಮ ವಿಜ್ಞಾನದ ಮೇಷ್ಟ್ರು ಹಾಗೆ ಹೇಳಿದ್ದರೆ ನಾನು ಆ ಪೇಪರಿನಲ್ಲಿ ಎರಡು ಸಲ ಕೂರಬೇಕಿರಲಿಲ್ಲ.

"ಯಾರೋ ಹಿಂದಿನಿಂದ ಹೇಳಿಕೊಡ್ತಿದಾರೆ" ಎಂದು ಚಿದಂಬರಯ್ಯನವರು ಬರೆದುಕೊಂಡರು. ಒಂಬತ್ತನೆಯದನ್ನೂ ಕೇಳಿದೆ. ಒಂಬತ್ತನೆಯದೂ ಕಲ್ಲಿನ ಪಾಲಾಯಿತು. ಅವರ ಪುಸ್ತಕದಲ್ಲಿ ಒಂಬತ್ತು ಖಾನೆಗಳೂ ಖಾಲಿ. ನನಗೆ ಗಿರಣಿಯ ಸ್ಟೂಲ್ ಕಣ್ಣೆದುರು ಬಂತು, ಅದರ ಒಂದು ಕಾಲು ಕುಂಟುತ್ತದೆ ಎಂಬುದೂ ನೆನಪಾಯಿತು. ಹತ್ತನೆಯ ಪ್ರಶ್ನೆ ಇನ್ನೂ ಬಾಕಿಯಿತ್ತು. ಅದೇನೆಂಬುದೇ ನನಗೆ ಮರೆತುಹೋಯಿತು. ಚೀಟಿ ಹುಡುಕಿದೆ, ಸಿಗಲಿಲ್ಲ, ಅಳು ಬರುವಂತಾಯಿತು.

ಚಿದಂಬರಯ್ಯನವರು ಪುಸ್ತಕವನ್ನು ಪಟ್ಟನೆ ಮುಚ್ಚಿ ಎದ್ದರು. ಮಕ್ಕಳು ಇರುವುದನ್ನೂ ನೋಡಲಿಲ್ಲ. ನನ್ನತ್ತ ಕೈ ಚಾಚಿ, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು: "ಇಂಥೋಳು ಟೀಚರ್ ಆಗೋಕೆ ಲಾಯಕ್ಕಾ?"

ಎಲ್ಲ ಕಡೆ ಅಧಿಕಾರಿಗಳು ಹೀಗೆಯೇ ಕೂಗುತ್ತಾರೆ, ಉತ್ತರ ಯಾರಿಗೂ ಬೇಕಿರುವುದಿಲ್ಲ. ಆದರೆ ಇದು ಆ ಊರು. ಉತ್ತರ ಬರಲು ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ನಾನು ಗುಂಡುಕಲ್ಲನ್ನು ನೋಡಿದೆ. ನನಗೆ ಗೊತ್ತಾಗಬೇಕಿತ್ತು, ದೇವರಾಣೆ ಗೊತ್ತಾಗಬೇಕಿತ್ತು. ಗೊತ್ತಾಗುವುದೇ ಬೇಡ ಎಂದೂ ಅನಿಸಿತು. ಹೆಬ್ಬೇವನ್ನು ಬೇವು ಎಂದವಳು, ಕ್ಯಾಂಡಿ ಹಿಂದೆ ಓಡಿದವಳು, ಹತ್ತನೇ ಪ್ರಶ್ನೆ ಮರೆತವಳು. ಕಲ್ಲು ಸುಳ್ಳು ಹೇಳುವುದಿಲ್ಲ. ಒಮ್ಮೆ ಅದು ಇಲ್ಲ ಎಂದರೆ ಮುಗಿಯಿತು, ಯಾವ ಕಾಲೇಜಿನ ಸರ್ಟಿಫಿಕೇಟೂ ಅದನ್ನು ಅಳಿಸಲಾರದು.

ಫಟ್! ಮೊದಲು ಬಿಚ್ಚಿದ್ದು ಚೆಲುವಿಯ ಕೊಡೆ. ಅವಳಿಗೆ ಅವರ ತಲೆ ಎಟುಕುವುದಿಲ್ಲ, ಕೊಡೆಯ ತುದಿ ನೇರವಾಗಿ ಅವರ ಗದ್ದಕ್ಕೆ ಹೋಯಿತು. ಮಾದೇಶ ಅವರದೇ ಕುರ್ಚಿ ಹತ್ತಿ ತಲೆಯ ಮೇಲೆ ಕೊಡೆ ಹಿಡಿದ. ಆಮೇಲೆ ಎಣಿಸಲಾಗಲಿಲ್ಲ. ಫಟ್ ಫಟ್ ಫಟ್ ಎಂದು ಹತ್ತೊಂಬತ್ತೂ ಬಿಚ್ಚಿದವು. ಕೆಂಪು, ಹಳದಿ, ಹೂವಿನದು, ಒಂದು ಕಡ್ಡಿ ಮುರಿದದ್ದು. ಮಕ್ಕಳು ನಾಲ್ಕೂ ಕಡೆಯಿಂದ ಅವರನ್ನು ಮುತ್ತಿಕೊಂಡು ಒತ್ತಿದವು. ಅವರ ಕನ್ನಡಕ ಹಾರಿತು, ಪುಸ್ತಕ ಬಿತ್ತು. "ಏಯ್, ಏನ್ರೋ ಇದು, ಬಿಡ್ರೋ" ಎಂಬ ದನಿ ಕೊಡೆಗಳ ಒಳಗಿನಿಂದ ಬಂತು. ಗುಂಡುಕಲ್ಲು ಒಂದು ಮಾತೂ ಆಡಲಿಲ್ಲ.

ನಾನು ಬಗ್ಗಿ ಕೊಡೆಗಳ ಕೆಳಗೆ ತೂರಿದೆ. ಒಳಗೆಲ್ಲ ಕೆಂಪು ಹಳದಿ ಬೆಳಕು, ಎಣ್ಣೆ ಹಚ್ಚಿದ ತಲೆಗಳ ವಾಸನೆ. ಚಿದಂಬರಯ್ಯನವರು ಗದ್ದ ಹಿಡಿದುಕೊಂಡು ನಿಂತಿದ್ದರು. ಚೆಲುವಿ ತನ್ನ ಕೊಡೆಯನ್ನು ಪಕ್ಕದವಳಿಗೆ ಕೊಟ್ಟಳು. ಲಂಗ ಸರಿಮಾಡಿಕೊಂಡಳು. ಕೈಕಟ್ಟಿದಳು.

"ಸಾರ್, ನೀವು ಕೇಳಿದ್ದಕ್ಕೆ ನಾವು ಹೇಳ್ತೀವಿ, ಕಲ್ಲು ಬ್ಯಾಡ" ಎಂದಳು. "ಮಿಸ್‌ಗೆ ಇನ್ನೂ ಬರಲ್ಲ ಸಾರ್. ಎಲೆ ಹೆಸರೂ ಗೊತ್ತಿಲ್ಲ. ಮರೆತೂ ಹೋಗ್ತಾರೆ. ಆದ್ರೆ ತಪ್ಪಾಗಿದ್ದು ಚಾರ್ಟಲ್ಲಿ ತಿದ್ಕೊಂಡ್ ಬಂದಿದ್ರು ಸಾರ್. ಕಲೀತಾರೆ. ಬೈಬ್ಯಾಡಿ."

"ಹೌದು ಸಾರ್, ಕಲೀತಾರೆ" ಎಂದ ಕುರ್ಚಿ ಮೇಲಿನ ಮಾದೇಶ. ಮಿಕ್ಕವೂ ಒಂದೇ ರಾಗದಲ್ಲಿ "ಕಲೀ...ತಾ...ರೆ ಸಾರ್" ಎಂದವು. ಮಗ್ಗಿ ಹೇಳುವ ರಾಗ ಅದು. ಆ ಊರಿಗೆ ಬಂದು ಇಪ್ಪತ್ತು ದಿನ, ಅಷ್ಟು ದಿನದಲ್ಲಿ ಇಷ್ಟು ಜನ ಒಟ್ಟಿಗೆ ನನಗಾಗಿ ಹೀಗೆ ಓಡಿಬಂದು ಕೊಡೆ ಬಿಚ್ಚಿರಲಿಲ್ಲ. ನಾನು ಅತ್ತೆ, ನಾಚಿಕೆಯಿಲ್ಲದೆ, ಮೂಗು ಸೋರುವಂತೆ ಅತ್ತೆ. ಮಕ್ಕಳಿಗೆ ಅದು ಹೊಸದಲ್ಲ. ಕೊಡೆಯ ಕೆಳಗೆ ದೊಡ್ಡವರು ಅಳುವುದನ್ನು ಅವು ದಿನಾ ನೋಡಿರುತ್ತವೆ.

ಅಳುತ್ತಲೇ ನನಗೆ ಒಂದು ಹೊಳೆಯಿತು. ಅತ್ತರೇನಂತೆ, ಒಂದು ಕಾಳಿನ ಲೆಕ್ಕವನ್ನೂ ಬಿಡದ ಗಿರಣಿಯವನ ಮಗಳು ನಾನು. "ಸಾರ್" ಎಂದೆ, ಮೂಗು ಒರೆಸಿಕೊಂಡು. "ಹತ್ತನೇ ಪ್ರಶ್ನೆಗೆ ಮಕ್ಕಳಿಂದ ಉತ್ತರ ಬಂತು."

"ಪ್ರಶ್ನೆ ಕೇಳಿದ್ದು ನಾನು!"

"ಯಾರು ಕೇಳಬೇಕು ಅಂತ ಫಾರಂನಲ್ಲಿ ಇಲ್ಲ ಸಾರ್. ಪಾಠದ ಅವಧಿ ಇನ್ನೂ ಮುಗಿದಿಲ್ಲ. ಕೇಳಿದ್ದು ಮುಕ್ತ ಆಕಾಶದ ಕೆಳಗೇ."

ಅವರು ಕನ್ನಡಕ ಹುಡುಕಿಸಿ ಹಾಕಿಕೊಂಡರು. ಫಾರಂ ತಿರುವಿ ತಿರುವಿ ನೋಡಿದರು. ಅದರಲ್ಲಿ ನಿಜವಾಗಿಯೂ ಇರಲಿಲ್ಲ. ಪಾಪ, ಅವರು ಕೆಟ್ಟವರಲ್ಲ, ಫಾರಂನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನುವ ಜಾತಿ. ಹತ್ತನೇ ಖಾನೆಯಲ್ಲಿ 'ಮಕ್ಕಳು ಸಾಮೂಹಿಕವಾಗಿ, ಸ್ವಯಂಪ್ರೇರಿತರಾಗಿ ಉತ್ತರಿಸಿದರು' ಎಂದು ಬರೆದರು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ, ಒಂದೂ ಹೆಚ್ಚಿಲ್ಲ. ಷರಾದಲ್ಲಿ 'ಕಲಿಕೋಪಕರಣಗಳು ಚೂಪಾಗಿವೆ' ಎಂದು ಸೇರಿಸಿ, ಗದ್ದ ಉಜ್ಜಿಕೊಂಡು ಸ್ಕೂಟರ್ ಹತ್ತಿದರು. ಗೇಟಿನ ಹತ್ತಿರ ಹೆಡ್‌ಮಾಸ್ಟರು ಎರಡೂ ಕೊಡೆ ಬಿಚ್ಚಿಕೊಂಡು ಅವರನ್ನು ಬೀಳ್ಕೊಟ್ಟರು, ಈ ಸಲ ಯಾವುದೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಊಟದ ಗಂಟೆ ಹೊಡೆಯಿತು. ಮಕ್ಕಳೆಲ್ಲ ತಟ್ಟೆ ಹಿಡಿದುಕೊಂಡು ವರಾಂಡಕ್ಕೆ ಓಡಿದವು. ಅಂಗಳದಲ್ಲಿ ನಾನು, ಗುಂಡುಕಲ್ಲು, ಮರ. ನನ್ನ ಕೈಯಲ್ಲಿ ಕೊಡೆಯಿರಲಿಲ್ಲ. ಯಾರೂ ನೋಡುತ್ತಿರಲಿಲ್ಲ. ಆ ಪ್ರಶ್ನೆಯನ್ನು ನಾನೇ ಕೇಳಿಬಿಡಬಹುದಿತ್ತು, ನಾಲಿಗೆಯ ತುದಿಗೆ ಬಂದೇ ಇತ್ತು. ಕಲ್ಲು ಕಾಯುತ್ತಿತ್ತು ಎಂದು ನನಗನಿಸಿತು. ಹೆದರಿದೆಯಾ ಎಂದರೆ ಹೌದು, ಹೆದರಿದೆ. ಆದರೆ ಹೆದರಿಕೆಯೊಂದೇ ಅಲ್ಲ. ಹಲ್ಲಿಲ್ಲದ ಹುಡುಗಿಯೊಬ್ಬಳು ಕೈಕಟ್ಟಿ ನಿಂತು ಉತ್ತರ ಹೇಳಿದ ಮೇಲೆ ಅದನ್ನೇ ಇನ್ನೊಬ್ಬರ ಹತ್ತಿರ ಕೇಳುವುದು ಮರ್ಯಾದೆಯಲ್ಲ.

ಕಾಲಬಳಿ ಬಿಳಿ ಹೂ ಬಿಟ್ಟ ಸಣ್ಣ ಗಿಡವೊಂದಿತ್ತು. ಅದನ್ನು ತೋರಿಸಿ ಗಟ್ಟಿಯಾಗಿ ಕೇಳಿದೆ: "ಇದ್ಯಾವ ಗಿಡ?"

"ತುಂಬೆ" ಎಂದಿತು ಕಲ್ಲು.

"ಅದು?"

"ಉತ್ತರಾಣಿ. ಸೀರೆಗೆ ಅಂಟುತ್ತೆ, ನೋಡ್ಕೊ."

ಬೇಲಿಯ ಉದ್ದಕ್ಕೂ ಹೋದೆ. ಒಂದೊಂದು ಗಿಡವನ್ನೂ ಬಗ್ಗಿ ಮುಟ್ಟಿ ಕೇಳಿದೆ, ಬೇಲಿಗೂಟ ಹೇಳಿತು, ಕಲ್ಲು ಹೇಳಿತು, ಕೆಲವು ಗಿಡಗಳು ತಾವೇ ಹೇಳಿದವು. ಗೊತ್ತಿಲ್ಲದ್ದು ಇಷ್ಟೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ವರಾಂಡದಲ್ಲಿ ಹತ್ತೊಂಬತ್ತು ಮಕ್ಕಳು ಅನ್ನದ ಕೈಯಲ್ಲೇ ಸಾಲಾಗಿ ಬಂದು ನಿಂತಿದ್ದವು. ಮಿಸ್ ಕೊಡೆಯಿಲ್ಲದೆ ಬಿಸಿಲಲ್ಲಿ ನಿಂತು ತನ್ನ ಅಜ್ಞಾನವನ್ನು ಊರಿಗೆಲ್ಲ ಕೂಗಿ ಹೇಳುತ್ತಿರುವುದನ್ನು ನೋಡಿ ಅವಕ್ಕೆ ಏನು ಖುಷಿಯೋ, ಒಂದೊಂದು ಪ್ರಶ್ನೆಗೂ ಒಟ್ಟಿಗೆ ಲೆಕ್ಕ ಕೂಗುತ್ತಿದ್ದವು. ಜವರಮ್ಮ ಸೌಟು ಹಿಡಿದುಕೊಂಡು ಹೊರಗೆ ಬಂದಳು, ಕೊಡೆಗೆ ಕೈ ಹಾಕಿದಳು, ನನ್ನ ಮುಖ ನೋಡಿ ಬಿಟ್ಟಳು. "ಮುಗಿಸ್ಕಂಡು ಬಾ, ಸಾರು ಆರೋಗುತ್ತೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಮಕ್ಕಳ ಲೆಕ್ಕ ಇಪ್ಪತ್ತಾರಕ್ಕೆ ಬಂದಾಗ ಗಂಟೆ ಹೊಡೆಯಿತು.

ಈಗ ಫಾರಂ ಮುಂದಿದೆ. ಕಲಿತದ್ದೇನು ಎಂದು ಕೇಳುತ್ತಿದೆ, ನಾಲ್ಕು ಗೆರೆ ಜಾಗ ಕೊಟ್ಟಿದೆ. ನಿಸರ್ಗದ ಮಡಿಲಿನ ಸಾಲನ್ನು ಬರೆಯಲಿಲ್ಲ. ಅಕ್ಷರ ಸಣ್ಣದು ಮಾಡಿಕೊಂಡು ಶುರುಮಾಡಿದ್ದೇನೆ: ಹೆಬ್ಬೇವು, ತುಂಬೆ, ಉತ್ತರಾಣಿ, ಗರಿಕೆ, ನೆಗ್ಗಿಲು, ಎಕ್ಕ, ತಂಗಡಿ, ಲಕ್ಕಿ, ಕಾಡುಹರಳು, ಹೊನಗೊನ್ನೆ. ಮೂರನೇ ಗೆರೆಗೆ ಬಂದಿದ್ದೇನೆ, ಇನ್ನೂ ಹದಿನೇಳು ಬಾಕಿಯಿವೆ. ಜಾಗ ಸಾಲದಿದ್ದರೆ ಹಿಂದಿನ ಪುಟದಲ್ಲಿ ಬರೆಯುತ್ತೇನೆ.